ಎರಡು ಸಾಲು ಹಳದಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಎರಡು ಬೆರಳು ಎತ್ತರದ ಒಂದು ಸೆಂಟಿನ ಶೀಶೆ.

ವರ್ಷದ ಉಳಿದ ದಿನಗಳಲ್ಲಿ ಅದನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಈಸ್ಟರ್ ಸೋಮವಾರ ಬಂತೆಂದರೆ ಮಾತ್ರ ನಮ್ಮ ಸೆಗೆದ್ ಊರಿನ ಪ್ರತಿಯೊಬ್ಬ ಗಂಡಸಿನ ಜೇಬಿನಲ್ಲೂ ಅಂಥದೊಂದು ಇರುತ್ತದೆ. ಆ ದಿನ ಎದುರಿಗೆ ಸಿಕ್ಕ ಹೆಂಗಸಿಗೆ ಒಂದು ಪದ್ಯ ಹೇಳಿ, ತಲೆಗೆ ನೀರನ್ನೋ ಸೆಂಟನ್ನೋ ಚಿಮುಕಿಸದಿದ್ದರೆ ಆಕೆ ವರ್ಷದೊಳಗೆ ಬಾಡಿಹೋಗುತ್ತಾಳೆಂದು ಅಜ್ಜಂದಿರ ಕಾಲದ ನಂಬಿಕೆ. ನಂಬಿಕೆ ಯಾವತ್ತೋ ಹೋಯಿತು, ಚಿಮುಕಿಸುವುದು ಹೋಗಲಿಲ್ಲ. ಚಿಮುಕಿಸಿದವನಿಗೆ ಬಣ್ಣ ಬಳಿದ ಮೊಟ್ಟೆಯೂ ಒಂದು ಗುಟುಕು ಹಣ್ಣಿನ ಸಾರಾಯಿಯೂ ಸಿಗುತ್ತವೆ, ಅದೇ ಕಾರಣವಿರಬೇಕು.

ಎತೆಲ್ಕಾಳಿಗೆ ಬಾಡಿಹೋಗಲು ಯಾವ ಅಭ್ಯಂತರವೂ ಇರಲಿಲ್ಲ. ನಲವತ್ತೇಳು ದಾಟಿದವಳು, ತಾನು ಈಗಾಗಲೇ ಅರ್ಧ ಬಾಡಿದ್ದೇನೆಂದು ಅವಳ ಅಭಿಪ್ರಾಯ. ಆದರೆ ಈ ಸೋಮವಾರ ಒಂದು ಹನಿ ಸೆಂಟು ತನ್ನ ಹತ್ತಿರ ಸುಳಿದರೂ ಕೆಲಸ ಕೆಟ್ಟಿತೆಂದು ಅವಳಿಗೆ ಗೊತ್ತಿತ್ತು.

ಅವಳ ಕೆಲಸವೇ ಅಂಥದು. ತಿಸಾ ನದಿಯ ದಂಡೆಯ ಒಂದು ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೋಶಗಳನ್ನು ಸಾಕುತ್ತಿದ್ದಾಳೆ. ಮನುಷ್ಯರ ಕಣ್ಣಿನ ಹಿಂಬದಿಯ ಪರದೆಯಿಂದ ಬಂದ ಕೋಶಗಳು. ಅವುಗಳಿಗೆ ಹೊತ್ತು ಹೊತ್ತಿಗೆ ಊಟ ಹಾಕಬೇಕು, ಬೆಚ್ಚಗಿಡಬೇಕು, ಧೂಳು ತಾಗದಂತೆ ನೋಡಿಕೊಳ್ಳಬೇಕು. ಎತೆಲ್ಕಾ ಗಂಡನನ್ನು ಸಾಕಿದ್ದು ನಾಲ್ಕು ವರ್ಷ. ಅವನಿಗಿಂತ ಕೋಶಗಳು ವಾಸಿ, ತಿಂದದ್ದಕ್ಕೆ ಹೆಸರಿಡುವುದಿಲ್ಲ ಎನ್ನುತ್ತಿದ್ದಳು.

ಈಗ ಆ ಕೋಶಗಳ ಮೇಲೆ ಒಂದು ಹೊಸ ಮದ್ದಿನ ಪರೀಕ್ಷೆ ನಡೆದಿತ್ತು. ವಯಸ್ಸಾದಂತೆ ಕೆಲವರ ಕಣ್ಣಿನಲ್ಲಿ ಒಂದು ಜೀನು ಸುಮ್ಮನಿರದೆ ಅರಚತೊಡಗುತ್ತದೆ. ಅದರ ಮಾತು ಕೇಳಿ ಬೇಡದ ಕಡೆ ರಕ್ತನಾಳಗಳು ಹುಟ್ಟುತ್ತವೆ, ಸೋರುತ್ತವೆ, ನೋಟ ಮಸುಕಾಗುತ್ತದೆ. ಪ್ರೊಫೆಸರ್ ಓರ್ಮೋಶ್ ಅವರ ಮದ್ದು ಆ ಜೀನಿನ ಬಾಯಿ ಮುಚ್ಚಿಸುತ್ತದೆ. ಬಾಯಿ ಮುಚ್ಚಿಸಲು ಹೋಗಿ ಕೋಶದ ಕತ್ತನ್ನೇ ಹಿಸುಕುವುದಿಲ್ಲ ತಾನೆ ಎಂಬುದಷ್ಟೇ ಈಗ ತಿಳಿಯಬೇಕಿತ್ತು. ಅಂಗೈಯಗಲದ ತಟ್ಟೆ, ಅದರಲ್ಲಿ ಎಂಟೆಂಟರಂತೆ ಹನ್ನೆರಡು ಸಾಲು, ಒಟ್ಟು ತೊಂಬತ್ತಾರು ಗುಳಿ. ಗುಳಿಗಳಲ್ಲಿ ಕೋಶ. ಮದ್ದು ಹಾಕಿ ಮೂರು ದಿನ ಬಿಟ್ಟು ಹಳದಿ ಬಣ್ಣದ ನೀರು ಹಾಕಿದರೆ, ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ಸತ್ತ ಕೋಶ ಏನು ಮಾಡೀತು, ಹಳದಿ ಹಳದಿಯಾಗಿಯೇ ಉಳಿಯುತ್ತದೆ. ಬಣ್ಣ ಸುಳ್ಳು ಹೇಳುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಅಲ್ಲೊಂದು ಇಲ್ಲೊಂದರಂತೆ ಎಂಟು ಗುಳಿಗಳ ಕೋಶಗಳನ್ನು ಬೇಕೆಂದೇ ಕೊಂದಿರುತ್ತಾರೆ. ಮಿಕ್ಕವೆಲ್ಲ ನೇರಳೆಯಾದರೆ ಮದ್ದು ನಿರಪಾಯ.

ಎರಡು ತಟ್ಟೆಗಳು ಈಗಾಗಲೇ ಎತೆಲ್ಕಾಳ ಕೈಯಲ್ಲಿ ಕೆಟ್ಟಿದ್ದವು. ಫೆಬ್ರವರಿಯ ಕಾರ್ನಿವಲ್ ವಾರದಲ್ಲಿ ಸಕ್ಕರೆಪುಡಿ ಉದುರಿಸಿದ ಡೋನಟ್ ತಿಂದು ಬಂದಳು. ಪುಡಿಯೆಲ್ಲೋ ತೋಳಿನಲ್ಲಿ ಉಳಿದು ತಟ್ಟೆಯ ತುಂಬ ಬೂಷ್ಟು ಬೆಳೆಯಿತು. ಮಾರ್ಚಿನಲ್ಲಿ ಬಣ್ಣ ಅಳೆಯುವ ಯಂತ್ರಕ್ಕೆ ತಟ್ಟೆಯನ್ನು ಹಿಂದುಮುಂದಾಗಿ ತಿರುಗಿಸಿಟ್ಟಳು. ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ. ಮೂರು ದಿನ ಇಡೀ ಮಹಡಿ ತಪ್ಪು ಲೆಕ್ಕವನ್ನು ನಂಬಿಕೊಂಡು ಸಂಭ್ರಮಪಟ್ಟಿತು.

ಆಗ ಪ್ರೊಫೆಸರ್ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. "ಮೂರನೇ ಸಲ ಹೀಗಾದ್ರೆ ನಾನೇನೂ ಅನ್ನೋದಿಲ್ಲ, ಎತೆಲ್ಕಾ," ಎಂದರು. "ನೆಲಮಾಳಿಗೇಲಿ ಗಾಜಿನ ಸಾಮಾನು ತೊಳೆಯೋಕೆ ಜನ ಬೇಕಂತೆ. ಅಷ್ಟೇ."

ಕಿಟಕಿಯಿಲ್ಲದ ಆ ಕೋಣೆಗೆ ಎತೆಲ್ಕಾ ಹೆದರುತ್ತಿದ್ದಳು. ತೊಳೆಯುವ ಕೆಲಸಕ್ಕಲ್ಲ. ಅಲ್ಲಿ ಬದುಕಿರುವಂಥದ್ದು ಒಂದೂ ಇಲ್ಲವಲ್ಲ, ಅದಕ್ಕೆ.

ಇದು ಮೂರನೇ ತಟ್ಟೆ. ಶುಭ ಶುಕ್ರವಾರ ದಾಖಲೆಗಳ ಅಧಿಕಾರಿಣಿ ಹೆದ್ವಿಗ್ ತಾವೇ ಬಂದು, ಬಾಗಿಲು ಹಾಕಿಕೊಂಡು, ಗುಳಿಗಳಿಗೆ ಮದ್ದು ಹಾಕಿ ಹೋಗಿದ್ದರು. ಯಾವ ಗುಳಿಯಲ್ಲಿ ಏನಿದೆ ಎಂಬ ಪಟ್ಟಿ ಅಂಟಿಸಿದ ಲಕೋಟೆಯಲ್ಲಿತ್ತು. ಬಣ್ಣ ಹಾಕುವವರಿಗೆ ಅದು ಗೊತ್ತಿರಬಾರದು, ನಿಯಮ. ಮೂರು ದಿನ ತುಂಬುವುದು ಸೋಮವಾರ. ಕೋಶಗಳಿಗೆ ಹಬ್ಬ ಹುಣ್ಣಿಮೆ ಗೊತ್ತಿಲ್ಲ. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಸಮಿತಿ ಕುಳಿತು, ಮದ್ದನ್ನು ಮನುಷ್ಯರ ಕಣ್ಣಿಗೆ ಹಾಕಬಹುದೇ ಎಂದು ತೀರ್ಮಾನಿಸುತ್ತದೆ. ಬುದಾಪೆಸ್ತಿಗೆ ಮಗಳ ಮನೆಗೆ ಹೋಗಿದ್ದ ಪ್ರೊಫೆಸರ್ ನಾಲ್ಕು ಗಂಟೆಗೆ ನೇರ ರೈಲ್ವೆ ನಿಲ್ದಾಣದಿಂದ ಪ್ರಯೋಗಾಲಯಕ್ಕೆ ಬರುವವರಿದ್ದರು.

ಬೆಳಿಗ್ಗೆ ಹತ್ತಕ್ಕೆ ಎತೆಲ್ಕಾ ಗೇಟಿನ ಬಳಿ ಬಂದಾಗ ಮಳೆಯಂಗಿ ತೊಟ್ಟು, ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದಳು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ.

"ಕೈಗೆ ಮುತ್ತಿಡ್ತೀನಿ, ಎತೆಲ್ಕಾ ಮಗಾ," ಎಂದು ಊರಿನ ವಾಡಿಕೆಯಂತೆ ವಂದಿಸಿದ ಕಾವಲುಗಾರ ವೆಂದೆಲ್ ಬಾಚಿ. ಎಪ್ಪತ್ತು ದಾಟಿದವನು, ಊರಿನವರಿಗೆಲ್ಲ ಬಾಚಿ, ಅಂದರೆ ಚಿಕ್ಕಪ್ಪ. ಎರಡು ಕೈಯನ್ನೂ ಬೆನ್ನ ಹಿಂದೆ ಇಟ್ಟುಕೊಂಡಿದ್ದ.

"ಕೈ ಮುಂದೆ ತೋರ್ಸಿ, ಬಾಚಿ."

"ಬೆನ್ನು ನೋವು ಕಣೇ. ಹಿಂದೆ ಹಿಡ್ಕೊಂಡಿದ್ರೆ ಸ್ವಲ್ಪ ಹಾಯಿ."

"ಬಾಚಿ, ಇವತ್ತು ಬೇಡ. ನನ್ನ ಮೂರನೇ ತಟ್ಟೆ ಇವತ್ತು. ಒಳಗೆ ಹೋಗೋವಾಗ ಒಂದು ಹನಿ ಇರಬಾರದು ಮೈಮೇಲೆ."

"ಅಯ್ಯೋ, ನಾನೇನು ಮಾಡಿದೆ? ಹೋಗು ಮಗಾ, ಹೋಗು. ನಿನ್ನ ಕೆಲಸ ನಿಂಗೆ, ನನ್ನ ಕೆಲಸ ನಂಗೆ."

ಅವಳು ಎರಡು ಹೆಜ್ಜೆ ಮುಂದೆ ಹೋದಳೋ ಇಲ್ಲವೋ, ಸೋಡಾ ಬಾಟಲಿಯ ಚಿಲುಮೆ ಕುತ್ತಿಗೆಯ ಹಿಂದಿನಿಂದ ಮಳೆಯಂಗಿಯ ಒಳಗಿಳಿಯಿತು. ಕಾವಲುಗಾರನ ಕೆಲಸ ಅದೆಂದು ಅವಳಿಗೆ ಗೊತ್ತಿರಲಿಲ್ಲ.

"ಇನ್ನು ನೀ ಬಾಡಲ್ಲ ಬಿಡು," ಎಂದ ವೆಂದೆಲ್ ಬಾಚಿ ತೃಪ್ತಿಯಿಂದ. "ಮೊಟ್ಟೆ ಎಲ್ಲಿ?"

ಎತೆಲ್ಕಾ ಚೀಲದಿಂದ ಕೆಂಪು ಮೊಟ್ಟೆಯೊಂದನ್ನು ತೆಗೆದು ಕೊಟ್ಟಳು. ನೀರು ಚಿಮುಕಿಸಿದವನ ಮೇಲೆ ಮುನಿಸಿಕೊಳ್ಳುವುದು ನಮ್ಮಲ್ಲಿ ಸಂಪ್ರದಾಯವಲ್ಲ. ಬೆನ್ನ ಮೇಲೆ ಸೋಡಾ ಗುಳ್ಳೆಗಳು ಚುರುಗುಟ್ಟುತ್ತಿದ್ದರೂ ನಕ್ಕಳು.

ಮೇಲೆ ಹೋಗಿ ಬಟ್ಟೆ ಬದಲಾಯಿಸಿ, ಕೈ ಎರಡು ಸಲ ತೊಳೆದು, ಕೋಶದ ಕೋಣೆಯ ಬಾಗಿಲಿಗೆ ದಪ್ಪಕ್ಷರದ ಚೀಟಿ ಅಂಟಿಸಿದಳು: "ಒಳಗೆ ಕೋಶಗಳಿವೆ. ಹೆಂಗಸರಿಲ್ಲ."

ಹನ್ನೊಂದೂವರೆಗೆ ಬಾಗಿಲು ಬಡಿದ ಸದ್ದಾಯಿತು. ಮೇಲಿನ ಮಹಡಿಯ ಭೌತಶಾಸ್ತ್ರದವರು ಮೂವರು, ಕೈಯಲ್ಲಿ ಒಂದು ಬಕೆಟ್ಟು.

"ಯಾರಿದ್ದೀರಾ ಒಳಗೆ?"

ಎತೆಲ್ಕಾ ದನಿಯನ್ನು ಹೊಟ್ಟೆಯವರೆಗೆ ಇಳಿಸಿ, "ಯಾರೂ ಇಲ್ಲ," ಎಂದಳು.

"ಯಾರೂ ಇಲ್ಲ ಅಂತ ಹೇಳ್ತಿರೋರು ಯಾರು?"

"ಯಂತ್ರ ರಿಪೇರಿಯವನು."

ಹೊರಗೆ ಗುಸುಗುಸು ನಡೆಯಿತು. ರಿಪೇರಿಯವನಿಗೆ ನೀರು ಹಾಕಿ ಏನು ಸುಖ ಎಂದು ಒಬ್ಬ ಕೇಳಿದ. ಬಕೆಟ್ಟು ತುಳುಕುವ ಸದ್ದು ಮೆಟ್ಟಿಲ ಕಡೆ ದೂರವಾಯಿತು. ಎತೆಲ್ಕಾಳಿಗೆ ಹೋದ ಜೀವ ಬಂದಂತಾಯಿತು.

ಹನ್ನೆರಡಕ್ಕೆ ಸರಿಯಾಗಿ ಅವಳು ಗಾಳಿ ಸೋಸುವ ಕಪಾಟಿನೊಳಗೆ ಕೈ ಹಾಕಿ ಕೂತಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವಳಂತೆ ಒಂದೊಂದೇ ಗುಳಿಗೆ ಹಳದಿ ನೀರು ಬಿಟ್ಟಳು. ಕೈ ನಡುಗಲಿಲ್ಲ. ಕೋಶಗಳ ಮುಂದೆ ಕೂತಾಗ ಅವಳ ಕೈ ಯಾವತ್ತೂ ನಡುಗುವುದಿಲ್ಲ, ಅದು ಮನುಷ್ಯರ ಮುಂದೆ ಮಾತ್ರ. ತೊಂಬತ್ತಾರೂ ತುಂಬಿದವು. ಮುಚ್ಚಳ ಹಾಕಿದಳು.

ಇನ್ನು ಉಳಿದದ್ದು ಹನ್ನೊಂದು ಹೆಜ್ಜೆ. ಬಣ್ಣ ಹಾಕುವ ಕಪಾಟು ಈ ಕೋಣೆಯಲ್ಲಿ, ಬೆಚ್ಚನೆಯ ಪೆಟ್ಟಿಗೆ ಎದುರಿನ ಕೋಣೆಯಲ್ಲಿ, ನಡುವೆ ಓಣಿ. ಕಟ್ಟಡ ಕಟ್ಟಿದವನು ಯಾವತ್ತೂ ಕೋಶ ಸಾಕಿದವನಲ್ಲ.

ಬಾಗಿಲು ಬೆರಳಗಲ ತೆರೆದು ನೋಡಿದಳು. ಓಣಿ ಖಾಲಿ. ತಟ್ಟೆಯನ್ನು ಎದೆಯ ಮಟ್ಟಕ್ಕೆ ಹಿಡಿದು ಹೊರಟಳು. ಒಂದು, ಎರಡು, ಮೂರು. ನೆಲದ ಮೇಲೆ ಅವಳ ಚಪ್ಪಲಿಯದೇ ಸದ್ದು. ಏಳು, ಎಂಟು. ಎದುರಿನ ಬಾಗಿಲ ಹಿಡಿ ಕಾಣಿಸಿತು.

ಒಂಬತ್ತನೆಯ ಹೆಜ್ಜೆಗೆ ಫೈಲಿನ ಬೀರುವಿನ ಮರೆಯಿಂದ ಬಾರ್ನಬಾಶ್ ಹೊರಬಂದ.

ಪಕ್ಕದ ಕೋಣೆಯಲ್ಲಿ ಸಂಶೋಧನೆ ಮಾಡುವ ಹುಡುಗ. ಹುಡುಗ ಅಂದರೆ ಮೂವತ್ತನಾಲ್ಕು ವರ್ಷದವನು, ಬರುವ ತಿಂಗಳು ತಂದೆಯಾಗುವವನು. ಒಳ್ಳೆಯವನು, ಅದೇ ಕಷ್ಟ. ಹಬ್ಬದ ದಿನ ಎತೆಲ್ಕಾ ಒಬ್ಬಳೇ ಕೆಲಸ ಮಾಡುತ್ತಿದ್ದಾಳೆ, ಪಾಪ ಯಾರೂ ಚಿಮುಕಿಸಲಿಲ್ಲವಲ್ಲ ಎಂದು ಮನೆಯಿಂದ ಬೇಕೆಂದೇ ಬಂದಿದ್ದ. ದಾರಿಯಲ್ಲಿ ಪದ್ಯವನ್ನೂ ಕಟ್ಟಿದ್ದ.

"ಕೋಣೆಯೊಳಗೆ ಕೋಶವಿದೆ, ಕೋಶದೊಳಗೆ ಜೀನಿದೆ. ಬಾಡಬೇಡಿ ಎತೆಲ್ಕಾ, ಕೈಲಿ ನನ್ನ ಸೆಂಟಿದೆ," ಎಂದು ಒಂದೇ ಉಸಿರಿಗೆ ಹೇಳಿ ಶೀಶೆ ಝಾಡಿಸಿದ.

ಎತೆಲ್ಕಾ ಬೆಚ್ಚಿ ಹಿಂದಕ್ಕೆ ಸರಿದಳು. ತಟ್ಟೆ ಓರೆಯಾಯಿತು. ಮುಚ್ಚಳ ಎಡಗಡೆಗೆ ಜಾರಿ, ಬಲ ಅಂಚು ಹೆಬ್ಬೆರಳಗಲ ತೆರೆದು, ಕ್ಷಣದಲ್ಲೇ ಅವಳ ಇನ್ನೊಂದು ಕೈಗೆ ಸಿಕ್ಕಿ ಮತ್ತೆ ಕೂತಿತು. ಓಣಿಯ ತುಂಬ ಮಲ್ಲಿಗೆಯೂ ಸಾರಾಯಿಯೂ ಬೆರೆತ ವಾಸನೆ ಹಬ್ಬಿತು.

ಎತೆಲ್ಕಾ ಮುಚ್ಚಳವನ್ನು ಅಂಗೈಯಿಂದ ಒತ್ತಿ ಹಿಡಿದಳು.

"ಮೇಲೆ ಬಿತ್ತಾ?" ಎಂದ ಬಾರ್ನಬಾಶ್ ಸಣ್ಣ ದನಿಯಲ್ಲಿ.

"ಎಲ್ಲಿ ಬಿತ್ತೋ. ನೀನೇ ಹೇಳು."

"ನಿಮ್ಮ ಕೂದಲಿಗೆ ಅಂತ ಎಸೆದೆ. ಕೂದಲಿಗೆ ಬಿತ್ತು ಅನ್ಸುತ್ತೆ. ಸ್ವಲ್ಪ ಬಲಗಡೆಗೂ ಹೋಗಿರಬಹುದು."

ಎತೆಲ್ಕಾ ತಟ್ಟೆಯ ಬಲ ಅಂಚನ್ನು ಮೂಗಿನ ಹತ್ತಿರ ತಂದಳು. ಮಲ್ಲಿಗೆ. ಆದರೆ ಅವಳ ಕೂದಲು ಮಲ್ಲಿಗೆ, ಕೋಟು ಮಲ್ಲಿಗೆ, ಬಾರ್ನಬಾಶನೂ ಮಲ್ಲಿಗೆ. ಇದರಲ್ಲಿ ಯಾವುದು ಯಾರದೆಂದು ಹೇಳುವುದು ನಾಯಿಗೂ ಆಗದ ಕೆಲಸ. ತಟ್ಟೆಯನ್ನು ಪೆಟ್ಟಿಗೆಯಲ್ಲಿಟ್ಟು ಬಾಗಿಲು ಹಾಕಿದಳು. ಗಂಟೆ ಹನ್ನೆರಡೂ ಹತ್ತು. ಮೂರಕ್ಕೆ ತೆಗೆಯಬೇಕು. ಅದಕ್ಕೆ ಮುಂಚೆ ಪೆಟ್ಟಿಗೆ ತೆರೆದರೆ ಶಾಖ ಹೋಗುತ್ತದೆ, ನೋಡುವಂತೆಯೂ ಇಲ್ಲ.

ಆ ಮೂರು ಗಂಟೆ ಹೇಗೆ ಕಳೆಯಿತೆಂದು ಹೇಳುವುದು ಕಷ್ಟ. ಎತೆಲ್ಕಾ ಓಣಿಯ ಬೆಂಚಿನ ಮೇಲೆ ಕೂತಳು. ಮನೆಯಿಂದ ತಂದ ಹಂದಿಮಾಂಸದ ರೊಟ್ಟಿಯನ್ನು ಕಾಗದದಿಂದ ಬಿಚ್ಚಿ ಮತ್ತೆ ಸುತ್ತಿಟ್ಟಳು. ಬಾರ್ನಬಾಶ್ ಮನೆಗೆ ಹೋಗದೆ ಗೋಡೆಗೆ ಆತು ನಿಂತ. ಸುದ್ದಿ ಹೇಗೋ ಕೆಳಗಿಳಿದು ವೆಂದೆಲ್ ಬಾಚಿಯೂ ಮೇಲೆ ಬಂದ, ಸೋಡಾ ಬಾಟಲಿ ಸಮೇತ.

"ಸತ್ತೋಗುತ್ವಾ ಅವು, ಒಂದು ಹನೀಗೆ?" ಎಂದು ಕೇಳಿದ.

"ಬಾಚಿ, ಒಂದು ಗುಳೀಲಿ ಹಿಡಿಯೋದೇ ನಾಲ್ಕು ಹನಿ," ಎಂದ ಬಾರ್ನಬಾಶ್. "ಅದಕ್ಕೆ ಒಂದು ಹನಿ ಸಾರಾಯಿ ಬಿದ್ರೆ, ನಿಮಗೆ ಒಂದು ಪೀಪಾಯಿ ಕುಡಿಸಿದ ಹಾಗೆ."

"ನಂಗೇನೂ ಆಗ್ತಿರ್ಲಿಲ್ಲ," ಎಂದ ವೆಂದೆಲ್ ಬಾಚಿ.

ಮೂರು ಹೊಡೆಯಿತು. ಎತೆಲ್ಕಾ ಪೆಟ್ಟಿಗೆ ತೆರೆದು ತಟ್ಟೆಯನ್ನು ಬೆಳಕಿಗೆ ತಂದಳು.

ಎಡಗಡೆಯಿಂದ ಹತ್ತು ಸಾಲು ಮಾಗಿದ ನೇರಳೆ ಹಣ್ಣಿನಂತೆ ಕಪ್ಪಾಗಿ, ತುಂಬಿಕೊಂಡು ಹೊಳೆಯುತ್ತಿದ್ದವು. ಬಲ ಅಂಚಿನ ಎರಡು ಸಾಲು ಹಳದಿ. ಹದಿನಾರು ಗುಳಿ, ಮೇಲಿಂದ ಕೆಳಗಿನವರೆಗೆ. ಮುಚ್ಚಳ ತೆರೆದದ್ದೆಲ್ಲಿಯೋ ಅಲ್ಲೇ.

ಎತೆಲ್ಕಾ ತಟ್ಟೆಯನ್ನು ಮೇಜಿನ ಮೇಲಿಟ್ಟು, ಕುರ್ಚಿಯನ್ನು ಕೈಯಿಂದ ತಡಕಿ ಹುಡುಕಿ ಕೂತಳು. ಸತ್ತ ಕೋಶಗಳಿಗಾಗಿ ಅಳು ಬಂತೋ, ತನಗಾಗಿ ಬಂತೋ, ಅವಳಿಗೇ ತಿಳಿಯಲಿಲ್ಲ. ಮೂರು ವಾರ ಅವುಗಳಿಗೆ ಊಟ ಹಾಕಿದ್ದಳು.

"ಕರೆಂಟ್ ಹೋಯ್ತು ಅನ್ನು," ಎಂದ ವೆಂದೆಲ್ ಬಾಚಿ. "ನಾನು ಕೆಳಗೆ ಹೋಗಿ ಈಗ್ಲೇ ಫ್ಯೂಸ್ ಕೀಳ್ತೀನಿ."

"ಎರಡೇ ಸಾಲಿಗೆ ಕರೆಂಟ್ ಹೋಗುತ್ತಾ, ಬಾಚಿ?"

"ಹಾಗಾದ್ರೆ ಇಲಿ."

ಬಾರ್ನಬಾಶ್ ಮಾತ್ರ ಬೇರೆ ಕಡೆ ನೋಡುತ್ತಿದ್ದ. ಬೆಚ್ಚನೆಯ ಪೆಟ್ಟಿಗೆಯ ಕೆಳಗಿನ ಹಲಗೆಯ ಮೇಲೆ ಇನ್ನೊಂದು ತಟ್ಟೆಯಿತ್ತು. ಅದೇ ದಿನ ಬಿತ್ತಿದ, ಅದೇ ಕೋಶಗಳ ಹೆಚ್ಚುವರಿ ತಟ್ಟೆ. ಮದ್ದಿಲ್ಲ, ಏನಿಲ್ಲ, ಬರೀ ಆರೋಗ್ಯವಂತ ಕೋಶಗಳು.

"ಎತೆಲ್ಕಾ," ಎಂದ ಮೆಲ್ಲಗೆ, ಹನಿ ಎತ್ತುವ ಪಿಪೆಟ್ಟನ್ನು ಕೈಗೆತ್ತಿಕೊಂಡು. "ಅದರ ಕೊನೇ ಎರಡು ಸಾಲಿಗೆ ಈಗ ಹಳದಿ ನೀರು ಹಾಕೋಣ. ಮುಕ್ಕಾಲು ಗಂಟೇಲಿ ಸ್ವಲ್ಪವಾದ್ರೂ ನೇರಳೆ ಬರುತ್ತೆ. ಅದನ್ನ ಪಿಪೆಟ್‌ನಲ್ಲಿ ತೆಗೆದು ಇದಕ್ಕೆ ಹಾಕಿಬಿಟ್ರೆ ಆಯ್ತು. ಯಂತ್ರಕ್ಕೇನು ಗೊತ್ತಾಗುತ್ತೆ, ಅದು ಬಣ್ಣ ಅಳೆಯುತ್ತೆ ಅಷ್ಟೇ."

"ಆ ಹದಿನಾರು ಗುಳೀಲಿ ಯಾವ ಮದ್ದಿತ್ತೋ ನಮಗೆ ಗೊತ್ತಿಲ್ಲ, ಬಾರ್ನಬಾಶ್."

"ಅದಕ್ಕೇ ಹೇಳೋದು. ಗೊತ್ತಿಲ್ದೇ ಇದ್ರೆ ಒಳ್ಳೇದು."

"ಎಲ್ಲಕ್ಕಿಂತ ಜಾಸ್ತಿ ಮದ್ದು ಹಾಕಿದ್ದು ಅವೇ ಆಗಿದ್ರೆ?"

"ಆಗಿದ್ರೆ?"

"ನಾಳೆ ಸಮಿತಿಯವರು ನೇರಳೆ ನೋಡಿ ಹೂಂ ಅಂತಾರೆ. ಆಮೇಲೆ ಅದನ್ನ ಗಿಜೆಲ್ಲಾ ನೇನಿ ಕಣ್ಣಿಗೆ ಹಾಕ್ತಾರೆ."

ಗಿಜೆಲ್ಲಾ ನೇನಿ, ಅಂದರೆ ಗಿಜೆಲ್ಲಾ ಚಿಕ್ಕಮ್ಮ, ಮೂವತ್ತು ವರ್ಷ ಈ ಊರಿನಲ್ಲಿ ಟ್ರಾಮ್ ಓಡಿಸಿದವಳು. ಈಗ ತಿಂಗಳಿಗೊಮ್ಮೆ ಕೆಳಗಿನ ಮಹಡಿಯ ಚಿಕಿತ್ಸಾಲಯಕ್ಕೆ ಬಂದು ಕಣ್ಣಿನೊಳಗೆ ಸೂಜಿ ಹಾಕಿಸಿಕೊಂಡು ಹೋಗುತ್ತಾಳೆ. ಎತೆಲ್ಕಾಳನ್ನು ಚಪ್ಪಲಿಯ ಸದ್ದಿನಿಂದಲೇ ಗುರುತು ಹಿಡಿದು, "ನಿಮ್ಮ ಮದ್ದು ಬಂತೇನೇ?" ಎಂದು ಪ್ರತಿಸಲ ಕೇಳುತ್ತಾಳೆ. ಬಾರ್ನಬಾಶನಿಗೂ ಅವಳ ಪರಿಚಯವಿತ್ತು. ಅವನು ಪಿಪೆಟ್ಟನ್ನು ಕೆಳಗಿಟ್ಟ.

ಎತೆಲ್ಕಾಳಿಗೂ ಆಸೆಯಾಗಿತ್ತು, ಸುಳ್ಳೇಕೆ. ಒಂದು ನಿಮಿಷ ಅವಳು ಆ ಕೆಳಗಿನ ತಟ್ಟೆಯನ್ನೇ ನೋಡಿದಳು. ನೆಲಮಾಳಿಗೆಯ ಕೋಣೆ, ಸೋಪಿನ ನೊರೆ, ಹತ್ತೊಂಬತ್ತು ವರ್ಷ ಎಲ್ಲ ಕಣ್ಣ ಮುಂದೆ ಬಂದವು. ಆಮೇಲೆ ಎದ್ದು ಹೋಗಿ ದಾಖಲೆ ಪುಸ್ತಕ ತೆರೆದಳು. ಅದರ ನಿಯಮ ಎಲ್ಲರಿಗೂ ಗೊತ್ತು: ಶಾಯಿಯಲ್ಲಿ ಬರೆಯಬೇಕು, ಆದದ್ದನ್ನು ಆದ ಹೊತ್ತಿಗೆ ಬರೆಯಬೇಕು, ಬರೆದದ್ದನ್ನು ಅಳಿಸಬಾರದು, ಹಾಳೆ ಹರಿಯಬಾರದು.

"ನನ್ನ ಹೆಸರು ಬರೀತೀರಾ?" ಎಂದ ಬಾರ್ನಬಾಶ್. ಅವನ ಗುತ್ತಿಗೆ ಜೂನ್‌ಗೆ ಮುಗಿಯುತ್ತಿತ್ತು. ಮುಖ ಹರಳೆಣ್ಣೆ ಕುಡಿದವನಂತಾಗಿತ್ತು.

ಎತೆಲ್ಕಾ ಅವನನ್ನೂ, ಅವನ ಜೇಬಿನಿಂದ ಇಣುಕುತ್ತಿದ್ದ ಶೀಶೆಯನ್ನೂ ನೋಡಿದಳು. "ತಟ್ಟೆ ಇದ್ದದ್ದು ನನ್ನ ಕೈಲಿ," ಎಂದು ಹೇಳಿ ಬರೆದಳು: "ಹನ್ನೆರಡು ಗಂಟೆ ಎಂಟು ನಿಮಿಷಕ್ಕೆ ತಟ್ಟೆಯನ್ನು ಒಯ್ಯುವಾಗ ನನ್ನ ಅಜಾಗರೂಕತೆಯಿಂದ ಮುಚ್ಚಳ ಸರಿದು, ಬಲ ಅಂಚಿನ ಎರಡು ಸಾಲುಗಳಿಗೆ ಸೆಂಟು ಬಿದ್ದಿದೆ. ಹದಿನಾರು ಗುಳಿಗಳ ಕೋಶಗಳು ಅದರಿಂದ ಸತ್ತಿವೆ." ಕೆಳಗೆ ಸಹಿ ಮಾಡಿ, ತಾರೀಕು ಹಾಕಿದಳು. ಎದೆಯ ಮೇಲಿನ ಚಪ್ಪಡಿ ಇಳಿದಂತಾಯಿತು. ಹಗುರವಾದ ಕೈಯಿಂದಲೇ ತಟ್ಟೆಯನ್ನು ಈ ಸಲ ಸರಿಯಾದ ದಿಕ್ಕಿನಲ್ಲಿ ಯಂತ್ರಕ್ಕಿಟ್ಟು, ಅಂಕಿಗಳ ಹಾಳೆ ತೆಗೆದಳು.

ನಾಲ್ಕಕ್ಕೆ ಪ್ರೊಫೆಸರ್ ಓರ್ಮೋಶ್ ಬಂದರು, ಒಂದು ಕೈಯಲ್ಲಿ ಪ್ರಯಾಣದ ಚೀಲ, ಇನ್ನೊಂದರಲ್ಲಿ ಮಗಳು ಕಟ್ಟಿಕೊಟ್ಟ ಗಸಗಸೆ ರೊಟ್ಟಿ. ಹಿಂದೆಯೇ ಹೆದ್ವಿಗ್, ಲಕೋಟೆ ಹಿಡಿದು. ಹೆದ್ವಿಗ್ ಅವರ ತಲೆಗೆ ಇವತ್ತು ಯಾರೂ ಏನೂ ಚಿಮುಕಿಸಿರಲಿಲ್ಲ. ಅಷ್ಟು ಧೈರ್ಯದ ಗಂಡಸು ಈ ಊರಿನಲ್ಲಿಲ್ಲ.

ಎತೆಲ್ಕಾ ದಾಖಲೆ ಪುಸ್ತಕವನ್ನು ಅವರ ಮುಂದಿಟ್ಟಳು.

ಪ್ರೊಫೆಸರ್ ಓದಿದರು. ಚೀಲವನ್ನು ನಿಧಾನವಾಗಿ ನೆಲದ ಮೇಲಿಟ್ಟರು. "ಸೆಂಟು," ಎಂದರು. "ಆರು ವರ್ಷದ ಕೆಲಸ. ಸೆಂಟು."

"ತಪ್ಪು ನಂದೇ, ಪ್ರೊಫೆಸರ್."

"ಅದನ್ನ ಓದಿದೆ."

ವೆಂದೆಲ್ ಬಾಚಿ ಏನೋ ಹೇಳಹೊರಟು, ಹೆದ್ವಿಗ್ ಅವರ ಕಣ್ಣಿಗೆ ಸಿಕ್ಕಿ ಬಾಯಿ ಮುಚ್ಚಿಕೊಂಡ. ಹೆದ್ವಿಗ್ ಅಂಕಿಗಳ ಹಾಳೆಯನ್ನು ಎಳೆದುಕೊಂಡು ಲಕೋಟೆಯ ಅಂಚು ಹರಿದರು.

"ಇನ್ನು ಅದನ್ನ ತೆಗೆದು ಏನು ಮಾಡ್ತೀರಿ?" ಎಂದರು ಪ್ರೊಫೆಸರ್.

"ತೆಗೀಬೇಕು ಅಂತ ಬರ್ದಿದೆ," ಎಂದರು ಹೆದ್ವಿಗ್. ಕನ್ನಡಕ ಹಾಕಿಕೊಂಡು ಪಟ್ಟಿಯ ಮೇಲೆ ಒಂದು ಬೆರಳು, ಅಂಕಿಗಳ ಮೇಲೆ ಒಂದು ಬೆರಳು ಓಡಿಸತೊಡಗಿದರು. ಮೊದಲನೇ ಸಾಲು, ಎರಡನೇ ಸಾಲು. ಹತ್ತನೇ ಸಾಲಿಗೆ ಬಂದು ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂತು.

"ಎಲ್ಲಕ್ಕಿಂತ ಜಾಸ್ತಿ ಮದ್ದು ಹಾಕಿದ್ದು ಏಳನೇ ಸಾಲು," ಎಂದರು. "ನೂರಕ್ಕೆ ತೊಂಬತ್ತೇಳು ಕೋಶ ಬದುಕಿವೆ."

"ಏನಂದ್ರಿ?"

"ಜಾಸ್ತಿ, ಕಮ್ಮಿ, ಅರ್ಧ, ಎಲ್ಲ ಮೊದಲ ಹತ್ತು ಸಾಲಿನೊಳಗೇ ಇವೆ. ಎಲ್ಲವೂ ಬದುಕಿವೆ."

"ಮತ್ತೆ ಆ ಹದಿನಾರು?"

ಹೆದ್ವಿಗ್ ಕನ್ನಡಕ ತೆಗೆದು ಎತೆಲ್ಕಾಳ ಕಡೆ ನೋಡಿದರು. "ಹನ್ನೊಂದು, ಹನ್ನೆರಡನೇ ಸಾಲು ಬೇಕಂತಲೇ ಸಾಯ್ಸಿದ್ದು. ಮಾರ್ಚಿನಲ್ಲಿ ನೀವು ತಟ್ಟೇನ ತಿರುಗಿಸಿಟ್ರಲ್ಲ, ಆಮೇಲೆ ನಾನೇ ಬದಲಾಯ್ಸಿದೆ. ಚೆಲ್ಲಾಪಿಲ್ಲಿ ಎಂಟರ ಬದಲು ಬಲಗಡೆ ಎರಡು ಪೂರ್ತಿ ಸಾಲು. ಮತ್ತೆ ತಿರುಗಿಸಿಟ್ರೆ ನೋಡಿದ ಕೂಡ್ಲೇ ತಿಳೀಲಿ ಅಂತ. ಅವು ಶುಕ್ರವಾರವೇ ಸತ್ತಿದ್ವು. ಬೇರೆ ಕಡೆ ಒಂದೂ ಹಳದಿ ಇಲ್ಲ ಅನ್ನೋದು ನಿಮಗೆ ಹೊಳೀಲಿಲ್ವಾ?"

ಎತೆಲ್ಕಾಳಿಗೆ ಹೊಳೆದಿರಲಿಲ್ಲ. ಹದಿನಾರು ಹಳದಿ ಕಂಡ ಮೇಲೆ ಅವಳು ಇನ್ನೇನನ್ನೂ ನೋಡಿರಲಿಲ್ಲ.

ಪ್ರೊಫೆಸರ್ ಮುಖ ಅರಳಿತು. ಗಸಗಸೆ ರೊಟ್ಟಿಯನ್ನು ಮೇಜಿನ ಮೇಲೆಸೆದು ಎತೆಲ್ಕಾಳ ಎರಡೂ ಕೈ ಹಿಡಿದುಕೊಂಡರು. "ಹಾಗಾದ್ರೆ ತಟ್ಟೆ ಸರಿಯಾಗಿದೆ. ಎತೆಲ್ಕಾ, ಒಂದು ಗುಳಿಯೂ ಕೆಟ್ಟಿಲ್ಲ. ಇಷ್ಟು ಚೆಂದದ ತಟ್ಟೇನ ನಾನು ಆರು ವರ್ಷದಲ್ಲಿ ನೋಡಿಲ್ಲ."

ಎತೆಲ್ಕಾ ಅತ್ತುಬಿಟ್ಟಳು. ಬಾರ್ನಬಾಶ್ ಗೋಡೆಗೆ ಆತುಕೊಂಡವನು ಹಾಗೇ ಕೆಳಗೆ ಜಾರಿ ಕೂತ. ವೆಂದೆಲ್ ಬಾಚಿ ಸಂತೋಷಕ್ಕೆ ಸೋಡಾ ಬಾಟಲಿಯಿಂದ ಒಮ್ಮೆ ಚಾವಣಿಗೆ ಚಿಮ್ಮಿಸಿದ.

"ತಟ್ಟೆ ಸರಿಯಾಗಿದೆ," ಎಂದರು ಹೆದ್ವಿಗ್. "ಪುಸ್ತಕ ಸರಿಯಾಗಿಲ್ಲ."

"ಅಂದ್ರೆ?"

"ಪುಸ್ತಕದಲ್ಲಿ ಸೆಂಟು ಬಿದ್ದಿದೆ."

"ತಟ್ಟೇಲಿ ಬಿದ್ದಿಲ್ಲವಲ್ಲ, ಹೆದ್ವಿಗ್."

"ತಟ್ಟೇನ ಯಾರೂ ಓದಲ್ಲ, ಪ್ರೊಫೆಸರ್. ಸಮಿತಿಯವರು ಓದೋದು ಪುಸ್ತಕ. ಇಲ್ಲಿ ಸಹಿ ಮಾಡಿ ಬರ್ದಿದ್ದಾರೆ, ಮುಚ್ಚಳ ಸರೀತು, ಸೆಂಟು ಬಿತ್ತು ಅಂತ. ಸೆಂಟು ಬಿದ್ದ ತಟ್ಟೇನ ಕಣ್ಣಿನ ಮದ್ದಿಗೆ ಸಾಕ್ಷಿ ಅಂತ ನಾನು ಹೇಗೆ ಕೊಡ್ಲಿ?" ಅವರ ದನಿಯಲ್ಲಿ ಕೋಪವಿರಲಿಲ್ಲ, ಬೇಕಾದರೆ ಸ್ವಲ್ಪ ಮರುಕವೇ ಇತ್ತು. "ಎತೆಲ್ಕಾ, ಬಿದ್ದದ್ದನ್ನ ನೀವು ಕಣ್ಣಾರೆ ನೋಡಿದ್ರಾ?"

"ಇಲ್ಲ. ವಾಸನೆ ಬಂತು."

"ವಾಸನೇನ ಬಿತ್ತು ಅಂತ ಬರ್ದಿರಿ."

"ಅದರ ಕೆಳಗೇ ಇನ್ನೊಂದು ಸಾಲು ಬರೀಲಾ?" ಎತೆಲ್ಕಾ ಕಣ್ಣೊರೆಸಿಕೊಂಡು ಪೆನ್ನು ಎತ್ತಿಕೊಂಡಳು. "ಮೇಲೆ ಬರೆದದ್ದು ತಪ್ಪು, ಏನೂ ಬಿದ್ದಿಲ್ಲ ಅಂತ?"

"ಬರೀಬಹುದು. ಆಗ ತಪ್ಪು ದಾಖಲೆ ಬರೆದದ್ದಕ್ಕೆ ಬೇರೆ ಪುಟ ತೆಗೀಬೇಕು. ಅದು ನಿಮ್ಮ ಲೆಕ್ಕದಲ್ಲಿ ನಾಲ್ಕನೇದಾಗುತ್ತೆ."

ಎತೆಲ್ಕಾ ಪೆನ್ನು ಕೆಳಗಿಟ್ಟಳು. ಪ್ರೊಫೆಸರ್ ಕಿಟಕಿಯ ಕಡೆ ತಿರುಗಿ ನಿಂತು ನದಿಯನ್ನು ನೋಡಿದರು. ನಾಳಿನ ಸಮಿತಿಯನ್ನು ಮುಂದೂಡಲು ತಾವೇ ಫೋನು ಮಾಡುವುದಾಗಿ ಹೇಳಿದರು. ಎಲ್ಲವನ್ನೂ ಮೊದಲಿಂದ ಮಾಡಬೇಕು. ಹೊಸ ಕೋಶ, ಹೊಸ ತಟ್ಟೆ, ಆರು ವಾರ. ಗಿಜೆಲ್ಲಾ ನೇನಿಗೆ ಇನ್ನೂ ಎರಡು ಸೂಜಿ.

"ನೆಲಮಾಳಿಗೆ ಮಾತು ಆವತ್ತೇ ಹೇಳಿದ್ದೆ, ಎತೆಲ್ಕಾ," ಎಂದರು ಕಿಟಕಿಯ ಕಡೆಗೇ ಮುಖ ಮಾಡಿ. "ನನಗೂ ಇಷ್ಟವಿಲ್ಲ. ಆದ್ರೆ ಇದು ಪುಸ್ತಕದಲ್ಲಿ ಮೂರನೇದು."

"ಗೊತ್ತು, ಪ್ರೊಫೆಸರ್."

"ಹೊಸ ತಟ್ಟೆಗೆ ಯಾರನ್ನ ಹಾಕೋಣ?" ಎಂದು ಅವರು ಹೆದ್ವಿಗ್ ಅವರನ್ನು ಕೇಳಿದರು.

ಹೆದ್ವಿಗ್ ಪುಸ್ತಕದ ಹಿಂದಿನ ಪುಟಗಳನ್ನು ತಿರುವಿಹಾಕಿದರು. ಇಡೀ ಮಹಡಿಯಲ್ಲಿ ಹೆಸರಿನ ಮುಂದೆ ಒಂದು ತಪ್ಪೂ ದಾಖಲಾಗದವರು ಒಬ್ಬರೇ ಇದ್ದರು.

"ಬಾರ್ನಬಾಶ್," ಎಂದರು.

ನೆಲದ ಮೇಲೆ ಕೂತಿದ್ದ ಬಾರ್ನಬಾಶ್ ಎದ್ದು ನಿಂತ. ಏನೋ ಹೇಳಲೆಂದು ಬಾಯಿ ತೆರೆದು ಎತೆಲ್ಕಾಳ ಕಡೆ ನೋಡಿದ. ಅವಳು ಬೇಡವೆಂದು ತಲೆಯಾಡಿಸಿದಳು. ಬರೆದಾಗಿತ್ತಲ್ಲ.

ಪ್ರೊಫೆಸರೂ ಹೆದ್ವಿಗ್ ಅವರೂ ಹೊರಗೆ ಹೋಗುವವರೆಗೆ ಕಾದು, ಅವನು ಅವಳ ಹತ್ತಿರ ಬಂದ. ಮೈಯೆಲ್ಲ ಇನ್ನೂ ಮಲ್ಲಿಗೆ ನಾರುತ್ತಿತ್ತು.

"ಎತೆಲ್ಕಾ," ಎಂದ ಪಿಸುದನಿಯಲ್ಲಿ, "ಇವಕ್ಕೆ ಎಷ್ಟು ಹೊತ್ತಿಗೊಂದು ಸಲ ಊಟ ಹಾಕ್ಬೇಕು?"